ಕರಿಮದ್ದಿಗೆ ಬದಲಿ ಯಾವುದು? ಮೊದಲು ನಿಮ್ಮ ಕೋವಿಯ ಕಿಡಿ ನೋಡಿ

ಬಾಯಿಯಿಂದ ಮದ್ದು ತುಂಬುವ ಕೋವಿ, ಅಂದರೆ ಮಜಲ್‌ಲೋಡರ್ ಕೊಂಡವರೆಲ್ಲ ಕೇಳುವ ಪ್ರಶ್ನೆ ಒಂದೇ. ಕರಿಮದ್ದಿನ ಬದಲಿಗೆ ಯಾವ ಪುಡಿ ಒಳ್ಳೆಯದು? ಅಮೆರಿಕದ ಬೇಟೆ ಸಾಮಾನಿನ ಅಂಗಡಿಗಳಲ್ಲಿ ಪೈರೊಡೆಕ್ಸ್, ಟ್ರಿಪಲ್ ಸೆವೆನ್, ಬ್ಲ್ಯಾಕ್‌ಹಾರ್ನ್ 209 ಅಂತ ಡಬ್ಬಿಗಳು ಸಾಲಾಗಿ ಕೂತಿರುತ್ತವೆ. ಒಬ್ಬರು ಇದೇ ಅತ್ಯುತ್ತಮ ಅನ್ನುತ್ತಾರೆ, ಪಕ್ಕದವರು ಅದನ್ನು ಮುಟ್ಟಲೇಬೇಡಿ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರ ಕೋವಿ ಬೇರೆ ಬೇರೆ, ಅಷ್ಟೇ.

ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ನಿಮ್ಮ ಕೋವಿಯಲ್ಲಿ ಮದ್ದಿಗೆ ಬೆಂಕಿ ಎಲ್ಲಿಂದ ಬರುತ್ತದೆ? ಚಕಮಕಿ ಕಲ್ಲಿನಿಂದಲೋ, ಕೇಪಿನಿಂದಲೋ (ಬಡಿದರೆ ಸಿಡಿಯುವ ಪುಟ್ಟ ಲೋಹದ ಟೊಪ್ಪಿ), 209 ಪ್ರೈಮರ್‌ನಿಂದಲೋ (ಅದೇ ಕೆಲಸವನ್ನು ಇನ್ನೂ ಜೋರಾದ ಜ್ವಾಲೆಯಿಂದ ಮಾಡುವಂಥದ್ದು)? ಇದಕ್ಕೆ ಉತ್ತರ ಸಿಕ್ಕರೆ ಅರ್ಧಕ್ಕಿಂತ ಜಾಸ್ತಿ ಡಬ್ಬಿಗಳು ತಾವಾಗಿಯೇ ಪಟ್ಟಿಯಿಂದ ಹೊರಗೆ ಹೋಗುತ್ತವೆ. ವೇಗ, ಹೊಗೆ, ಬೆಲೆ ಎಲ್ಲ ಆಮೇಲಿನ ಮಾತು.

ಬದಲಿ ಪುಡಿಗಳು ಅರ್ಥವಾಗಬೇಕಾದರೆ ಅಸಲಿ ಕರಿಮದ್ದು ಏನು ಮಾಡುತ್ತದೆ ಅಂತ ಗೊತ್ತಿರಬೇಕು. ಅದರಲ್ಲಿ ಇರುವುದು ಮೂರೇ ವಸ್ತು: ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), ಇದ್ದಿಲು, ಗಂಧಕ. ಪೆಟ್ಲುಪ್ಪು ಆಮ್ಲಜನಕ ಕೊಡುತ್ತದೆ, ಇದ್ದಿಲು ಉರಿಯುತ್ತದೆ. ಗಂಧಕವೂ ಉರಿಯುತ್ತದೆ, ಜೊತೆಗೆ ಇನ್ನೊಂದು ದೊಡ್ಡ ಕೆಲಸ ಮಾಡುತ್ತದೆ. ಮದ್ದು ಕಡಿಮೆ ಶಾಖದಲ್ಲೇ ಹೊತ್ತಿಕೊಳ್ಳುವಂತೆ ನೋಡಿಕೊಳ್ಳುತ್ತದೆ. ಕಲ್ಲು ಉಕ್ಕಿಗೆ ಉಜ್ಜಿದಾಗ ಹಾರುವ ಸಣ್ಣ ಕಿಡಿಗೂ ಕರಿಮದ್ದು ಭಗ್ ಅನ್ನುವುದು ಇದರಿಂದಲೇ.

ಕರಿಮದ್ದಿನ ಇನ್ನೊಂದು ಗುಣವನ್ನೂ ನೆನಪಿಡಬೇಕು. ನಳಿಕೆಯೊಳಗೆ ಒತ್ತಡ ಏರಿತು ಅಂತ ಅದು ಹುಚ್ಚಾಪಟ್ಟೆ ವೇಗವಾಗಿ ಉರಿಯುವುದಿಲ್ಲ. ಹಳೇ ಕಾಲದ ಮೆತ್ತನೆಯ ಕಬ್ಬಿಣದ ನಳಿಕೆಗಳು ಅದನ್ನು ತಡೆದುಕೊಂಡದ್ದು ಹಾಗೆ. ಆದರೆ ಕೊಳೆ ಮಾತ್ರ ವಿಪರೀತ. ಸುಟ್ಟ ಮದ್ದಿನ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಭಾಗ ಅನಿಲವಾಗುವುದೇ ಇಲ್ಲ. ಪೊಟ್ಯಾಸಿಯಂ ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡ್ ಆಗಿ ಒಂದಿಷ್ಟು ಬಿಳಿ ಹೊಗೆಯ ಜೊತೆ ಹೊರಗೆ ಹೋಗುತ್ತದೆ, ಒಂದಿಷ್ಟು ನಳಿಕೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಕೋವಿ ತೊಳೆಯುವಾಗ ಬರುವ ಕೊಳೆತ ಮೊಟ್ಟೆಯ ವಾಸನೆ ಈ ಸಲ್ಫೈಡ್‌ನದ್ದೇ. ಈ ಕಸ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ರಾತ್ರಿ ಹಾಗೇ ಬಿಟ್ಟರೆ ಬೆಳಗ್ಗೆ ತುಕ್ಕು ಖಂಡಿತ.

ಇಷ್ಟು ಚೆನ್ನಾಗಿ ಹೊತ್ತಿಕೊಳ್ಳುವ ಮದ್ದಿಗೆ ಬದಲಿ ಯಾಕೆ ಬೇಕಾಯಿತು? ಕೊಳೆ ಒಂದು ಕಾರಣ, ಆದರೆ ಮುಖ್ಯ ಕಾರಣ ಅದಲ್ಲ. ಅಮೆರಿಕದ ಕಾನೂನಿನಲ್ಲಿ ಕರಿಮದ್ದು ಸ್ಫೋಟಕ. ಹಳೇ ಮಾದರಿಯ ಕೋವಿಗಳಲ್ಲಿ ಕ್ರೀಡೆಗೆ, ಹವ್ಯಾಸಕ್ಕೆ ಬಳಸುವವರು ಕಾರ್ಖಾನೆಯಲ್ಲಿ ತಯಾರಾದ ಕರಿಮದ್ದನ್ನು 50 ಪೌಂಡ್‌ವರೆಗೆ ಇಟ್ಟುಕೊಳ್ಳಲು ವಿನಾಯಿತಿ ಇದೆ. ಮಾರುವವರಿಗೆ ಆ ಸಡಿಲಿಕೆ ಇಲ್ಲ. ಪರವಾನಗಿ ಬೇಕು, ಪ್ರತ್ಯೇಕ ದಾಸ್ತಾನು ಕೋಣೆ ಬೇಕು, ಸಾಗಣೆಗೂ ಸ್ಫೋಟಕದ ನಿಯಮ. ಸಣ್ಣ ಅಂಗಡಿಯವರು ಇಷ್ಟೆಲ್ಲ ರಗಳೆ ಯಾಕೆ ಅಂತ ಕೈಬಿಟ್ಟರು. ಬದಲಿ ಪುಡಿಗಳ ಸಾಗಣೆ ಮತ್ತು ದಾಸ್ತಾನಿಗೆ ನಿಯಮ ಎಷ್ಟೋ ಹಗುರ. ಅಂಗಡಿಯ ಕಪಾಟಿನಲ್ಲಿ ಅವುಗಳೇ ಕಾಣುವುದು ಇದಕ್ಕೇ.

ಮೊದಲು ಗೆದ್ದ ಬದಲಿ ಪೈರೊಡೆಕ್ಸ್. ಡ್ಯಾನ್ ಪಾವ್ಲಾಕ್ ಅನ್ನುವವರು ಇದನ್ನು ರೂಪಿಸಿದರು, ಹಾಜ್‌ಡನ್ ಕಂಪನಿ 1976ರಲ್ಲಿ ಮಾರುಕಟ್ಟೆಗೆ ತಂದಿತು. ಮರುವರ್ಷ ಜನವರಿಯಲ್ಲಿ ವಾಷಿಂಗ್ಟನ್ ರಾಜ್ಯದ ಇಸಾಕ್ವಾದಲ್ಲಿದ್ದ ತಯಾರಿಕಾ ಘಟಕದಲ್ಲಿ ಅನಾಹುತವಾಗಿ ಪಾವ್ಲಾಕ್ ಮತ್ತು ಅವರ ಜೊತೆ ಕೆಲಸ ಮಾಡುತ್ತಿದ್ದವರು ತೀರಿಕೊಂಡರು. ಆಮೇಲೆ ಹಾಜ್‌ಡನ್ ಕನ್ಸಾಸ್‌ನ ಹೆರಿಂಗ್ಟನ್‌ನಲ್ಲಿ ತಯಾರಿಕೆ ಮುಂದುವರಿಸಿತು. ಈ ವಿಷಯ ಸುಮ್ನೆ ಹೇಳುತ್ತಿಲ್ಲ. ‘ಬದಲಿ ಪುಡಿ’ ಅಂದ ತಕ್ಷಣ ಅಪಾಯವೇ ಇಲ್ಲದ ಪುಡಿ ಅಂದುಕೊಳ್ಳುವವರು ತುಂಬಾ ಜನ ಇದ್ದಾರೆ. ಕಾಗದದ ಮೇಲೆ ವರ್ಗ ಬದಲಾಗಿದೆ. ಡಬ್ಬಿಯ ಒಳಗಿರುವುದು ಈಗಲೂ ಮದ್ದೇ. ಬೆಂಕಿಯಿಂದ, ಮಕ್ಕಳಿಂದ ದೂರ, ತಂದ ಡಬ್ಬಿಯಲ್ಲೇ ಇಡಬೇಕು.

ಪೈರೊಡೆಕ್ಸ್‌ನಲ್ಲಿ ಕರಿಮದ್ದಿನ ಮೂರೂ ವಸ್ತುಗಳಿವೆ. ಮೇಲೆ ಪೊಟ್ಯಾಸಿಯಂ ಪರ್‌ಕ್ಲೋರೇಟ್ ಮತ್ತು ಇನ್ನೊಂದಷ್ಟು ರಾಸಾಯನಿಕಗಳು ಸೇರಿವೆ. ಗಂಧಕದ ಪಾಲು ಕಡಿಮೆ. ಹಾಗಾಗಿ ಕೊಳೆ ಸ್ವಲ್ಪ ಕಡಿಮೆ, ಹೊತ್ತಿಕೊಳ್ಳಲು ಬೇಕಾಗುವ ಶಾಖ ಜಾಸ್ತಿ. ಕೇಪಿನ ಕೋವಿಯಲ್ಲಿ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ, ಆದರೆ ಕೇಪಿನಿಂದ ಮದ್ದಿನವರೆಗಿನ ಸಣ್ಣ ದಾರಿಯಲ್ಲಿ ಎಣ್ಣೆ, ಕೊಳೆ ಕೂತಿದ್ದರೆ ‘ಟಿಕ್’ ಅಂದು ಸುಮ್ಮನಾಗುತ್ತದೆ. ಕಲ್ಲಿನ ಕೋವಿಗಂತೂ ಇದು ಆಗಿಬರುವುದಿಲ್ಲ. ಕೆಲವರು ನಳಿಕೆಯ ತಳಕ್ಕೆ ಒಂದು ಚಿಟಿಕೆ ಅಸಲಿ ಕರಿಮದ್ದು ಹಾಕಿ ಮೇಲೆ ಪೈರೊಡೆಕ್ಸ್ ಹಾಕುತ್ತಾರೆ. ಮದ್ದುಗಳನ್ನು ಬೆರೆಸಬೇಡಿ ಅನ್ನುವುದು ತಯಾರಕರ ಮಾತು, ನನ್ನ ಮಾತೂ ಅದೇ. ಕಲ್ಲಿನ ಕೋವಿ ಇದ್ದವರು ಕರಿಮದ್ದೇ ಹುಡುಕಿ ತರಬೇಕು. ಲೂಸಿಯಾನದ ಮಿಂಡನ್‌ನಲ್ಲಿದ್ದ ಗೋಯೆಕ್ಸ್ ಕರಿಮದ್ದಿನ ಕಾರ್ಖಾನೆಯನ್ನು ನಿಲ್ಲಿಸುವುದಾಗಿ ಹಾಜ್‌ಡನ್ 2021ರಲ್ಲಿ ಹೇಳಿದಾಗ ಕಲ್ಲಿನ ಕೋವಿಯವರೆಲ್ಲ ಕಂಗಾಲಾಗಿದ್ದು ಸಹಜ. ಅದನ್ನು ಎಸ್ಟೆಸ್ ಎನರ್ಜೆಟಿಕ್ಸ್ ಅನ್ನುವ ಕಂಪನಿ ಕೊಂಡುಕೊಂಡ ಮೇಲೆ ಒಂದಿಷ್ಟು ಉಸಿರು ಬಂತು.

ಪೈರೊಡೆಕ್ಸ್ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಕೊಳೆ ಕಡಿಮೆ, ಹಾಗಾಗಿ ತುಕ್ಕೂ ಕಡಿಮೆ ಅಂತ. ಉಲ್ಟಾ. ಪರ್‌ಕ್ಲೋರೇಟ್ ಸುಟ್ಟರೆ ಪೊಟ್ಯಾಸಿಯಂ ಕ್ಲೋರೈಡ್ ಉಳಿಯುತ್ತದೆ, ಅದು ಉಪ್ಪಿನ ಜಾತಿಯದ್ದೇ. ಉಕ್ಕಿನ ಮೇಲೆ ಉಪ್ಪು ಕೂತರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ. ಎಣ್ಣೆ ಸವರಿದರೆ ಉಪ್ಪು ಹೋಗುವುದಿಲ್ಲ, ಎಣ್ಣೆಯ ಕೆಳಗೆ ಕೂತು ತನ್ನ ಕೆಲಸ ಮಾಡುತ್ತಿರುತ್ತದೆ. ಬಿಸಿನೀರು ಬೇಕು. ಬಟ್ಟೆ ತುಂಡು ಬೆಳ್ಳಗೆ ಹೊರಗೆ ಬರುವವರೆಗೂ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ. ಮರುದಿನ ಇನ್ನೊಂದು ಸಲ ಗಜಕ್ಕೆ, ಅಂದರೆ ಮದ್ದು ಗುಂಡು ಒತ್ತುವ ಉದ್ದನೆಯ ಕೋಲಿಗೆ, ಒಣ ಬಟ್ಟೆ ಕಟ್ಟಿ ನಳಿಕೆಯೊಳಗೆ ಆಡಿಸಿ ನೋಡಿ. ಕಂದು ಬಣ್ಣ ಕಂಡರೆ ತೊಳೆದದ್ದು ಸಾಲದು.

2000ರ ದಶಕದ ಶುರುವಿನಲ್ಲಿ ಅದೇ ಕಂಪನಿ ಟ್ರಿಪಲ್ ಸೆವೆನ್ ತಂದಿತು. ಇದರಲ್ಲಿ ಗಂಧಕವೇ ಇಲ್ಲ. ಮೊಟ್ಟೆ ವಾಸನೆ ಇಲ್ಲ, ಬರೀ ನೀರಿನಲ್ಲಿ ತೊಳೆದುಹೋಗುತ್ತದೆ. ಬೇಟೆ ಮುಗಿಸಿ ಸುಸ್ತಾಗಿ ಬಂದವರಿಗೆ ಇದು ದೊಡ್ಡ ಅನುಕೂಲವೇ. ಶಕ್ತಿಯೂ ಜಾಸ್ತಿ. ಅದೇ ಅಳತೆಯ ಕರಿಮದ್ದಿಗಿಂತ ಸುಮಾರು 15 ಶೇಕಡಾ ಹೆಚ್ಚು. ಕರಿಮದ್ದಿನಷ್ಟೇ ವೇಗ ಸಾಕು ಅನ್ನುವವರು ಅಳತೆಯನ್ನು 15 ಶೇಕಡಾ ಇಳಿಸಬೇಕು ಅಂತ ತಯಾರಕರೇ ಹೇಳುತ್ತಾರೆ. ಕರಿಮದ್ದಿನಲ್ಲಿ ತನ್ನ ಕೋವಿಯ ಗರಿಷ್ಠ ಮಿತಿಗೆ ತುಂಬುತ್ತಿದ್ದವರು ಅದೇ ಅಳತೆಯಲ್ಲಿ ಟ್ರಿಪಲ್ ಸೆವೆನ್ ಸುರಿದರೆ ಮಿತಿ ದಾಟಿದ ಹಾಗೆ.

ಟ್ರಿಪಲ್ ಸೆವೆನ್‌ನ ನಿಜವಾದ ಕಿರಿಕಿರಿ ಎರಡನೇ ಗುಂಡಿಗೆ ಗೊತ್ತಾಗುತ್ತದೆ. ಮೊದಲ ಈಡು ಸಲೀಸಾಗಿ ಹೋಗುತ್ತದೆ. ಮತ್ತೆ ಮದ್ದು ಹಾಕಿ, ಗುಂಡು ಇಟ್ಟು, ಗಜದಿಂದ ಒತ್ತುತ್ತೀರಿ. ನಳಿಕೆಯುದ್ದಕ್ಕೂ ಸರಾಗ. ತಳ ಇನ್ನೇನು ಸಿಗಬೇಕು ಅನ್ನುವಾಗ ಗಜ ಗಕ್ಕನೆ ನಿಲ್ಲುತ್ತದೆ. ಮದ್ದು ಉರಿದ ಜಾಗದ ಸ್ವಲ್ಪ ಮುಂದೆ ಗಾಜಿನಂತೆ ಗಟ್ಟಿಯಾದ ಕೊಳೆಯ ಉಂಗುರ ಕಟ್ಟಿಕೊಂಡಿರುತ್ತದೆ. ಗುಂಡು ಅದರ ಮೇಲೆ ಕೂತುಬಿಟ್ಟರೆ ಕೆಳಗಿನ ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿಯುತ್ತದೆ. ಇದು ಸಣ್ಣ ವಿಷಯ ಅಲ್ಲ. ಹೀಗೆ ಎಡೆ ಬಿಟ್ಟು ಹೊಡೆದರೆ ನಳಿಕೆ ಆ ಜಾಗದಲ್ಲಿ ಉಬ್ಬಬಹುದು, ಸೀಳಲೂಬಹುದು.

ಇದಕ್ಕೆ ಒಂದು ಸರಳ ಉಪಾಯ ಇದೆ, ಎಲ್ಲ ಮದ್ದಿಗೂ ಅನ್ವಯಿಸುತ್ತದೆ. ಕೋವಿ ಸ್ವಚ್ಛವಾಗಿದ್ದಾಗ ಮದ್ದು, ಗುಂಡು ಸರಿಯಾಗಿ ಕೂರಿಸಿ, ಗಜ ನಳಿಕೆಯ ಬಾಯಿಗೆ ಸೇರುವ ಕಡೆ ಗುರುತು ಹಾಕಿಕೊಳ್ಳಿ. ಪ್ರತಿ ಸಲವೂ ಗಜ ಆ ಗುರುತಿನವರೆಗೂ ಇಳಿಯಬೇಕು. ಇಳಿಯದಿದ್ದರೆ ಹೊಡೆಯಬೇಡಿ. ಟ್ರಿಪಲ್ ಸೆವೆನ್ ಬಳಸುವವರು ಪ್ರತಿ ಈಡಿನ ನಂತರ ಒದ್ದೆ ಬಟ್ಟೆ ತುಂಡನ್ನು ಒಂದು ಸಲ ಒಳಗೆ ಆಡಿಸಿ, ಹಿಂದೆಯೇ ಒಣ ಬಟ್ಟೆ ಆಡಿಸಿದರೆ ಉಂಗುರ ಕಟ್ಟುವುದು ತುಂಬಾ ಕಡಿಮೆಯಾಗುತ್ತದೆ. ಬಟ್ಟೆಗೆ ಎಂಜಲು ಹಚ್ಚಿಕೊಂಡರೂ ಸಾಕು, ಹಳಬರು ಮಾಡುತ್ತಿದ್ದದ್ದು ಅದನ್ನೇ.

ಉಂಗುರಕ್ಕೆ ಪ್ರೈಮರ್ ಕೂಡ ಕಾರಣ. 209 ಪ್ರೈಮರ್ ಹುಟ್ಟಿದ್ದು ಶಾಟ್‌ಗನ್ ತೋಟೆಗಾಗಿ. ಸುಲಭವಾಗಿ ಹೊತ್ತಿಕೊಳ್ಳುವ ಪುಡಿಗೆ ಅದರ ಜ್ವಾಲೆ ಅತಿಯಾಯಿತು. ಹಾಗಾಗಿ ಮಜಲ್‌ಲೋಡರ್‌ಗೆ ಅಂತಲೇ ಸ್ವಲ್ಪ ಸೌಮ್ಯವಾದ 209 ಪ್ರೈಮರ್‌ಗಳು ಬಂದವು. ಟ್ರಿಪಲ್ ಸೆವೆನ್‌ಗೆ ಅವು ಚೆನ್ನಾಗಿ ಹೊಂದುತ್ತವೆ.

ಈಗ ಬ್ಲ್ಯಾಕ್‌ಹಾರ್ನ್ 209. ಇಲ್ಲಿ ಇದೇ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ. ಮೊಂಟಾನಾದ ವೆಸ್ಟರ್ನ್ ಪೌಡರ್ಸ್ 2008ರ ಸುಮಾರಿಗೆ ತಂದ ಪುಡಿ ಇದು. 2020ರಲ್ಲಿ ಇದೂ ಹಾಜ್‌ಡನ್ ಕೈಗೆ ಬಂತು. ಇದರ ಆಧಾರ ನೈಟ್ರೊಸೆಲ್ಯುಲೋಸ್, ಅಂದರೆ ಇಂದಿನ ತೋಟೆಗಳ ಹೊಗೆಯಿಲ್ಲದ ಮದ್ದಿನ ಮೂಲ ವಸ್ತು. ಆದರೆ ಕರಿಮದ್ದಿನ ಕೋವಿ ತಾಳುವ ಒತ್ತಡದೊಳಗೇ ಇರುವಂತೆ ರೂಪಿಸಿದ್ದಾರೆ. ಕೊಳೆ ತೀರಾ ಕಡಿಮೆ. ಗಾಳಿಯ ತೇವ ಎಳೆದುಕೊಳ್ಳುವುದಿಲ್ಲ. ನಡುವೆ ಒರೆಸದೆಯೇ ಒಂದರ ಹಿಂದೆ ಒಂದು ಈಡು ಹಾಕಬಹುದು, ಗುರಿಯೂ ಕೆಡುವುದಿಲ್ಲ.

ಬೆಲೆ ದುಬಾರಿ. ಅದಕ್ಕಿಂತ ದೊಡ್ಡ ಷರತ್ತು ಅದರ ಹೆಸರಿನಲ್ಲೇ ಇರುವ 209. ಇದಕ್ಕೆ ಜೋರಾದ ಜ್ವಾಲೆ ಬೇಕೇ ಬೇಕು. ಟ್ರಿಪಲ್ ಸೆವೆನ್‌ಗಾಗಿ ಕೊಂಡ ಸೌಮ್ಯ ಪ್ರೈಮರ್ ಇದಕ್ಕೆ ಸಾಲುವುದಿಲ್ಲ. ಪೂರ್ಣ ಶಕ್ತಿಯ ಶಾಟ್‌ಗನ್ ಪ್ರೈಮರ್ ಹಾಕಬೇಕು, ಜ್ವಾಲೆ ಬ್ರೀಚ್ ಪ್ಲಗ್‌ನಿಂದ, ಅಂದರೆ ನಳಿಕೆಯ ಹಿಂಬದಿಯ ಮುಚ್ಚಳದಿಂದ, ನೇರ ಮದ್ದಿಗೆ ತಾಗಬೇಕು. ಪಕ್ಕದಲ್ಲಿ ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಇರುವ ಕೇಪಿನ ಕೋವಿಯಲ್ಲಿ ಬೆಂಕಿ ಒಂದು ತಿರುವು ತೆಗೆದುಕೊಂಡು ಒಳಗೆ ಹೋಗಬೇಕು. ಅಷ್ಟರಲ್ಲಿ ಅದರ ಕಾವು ಇಳಿದಿರುತ್ತದೆ. ಅಂಥ ಕೋವಿಗೆ ಬ್ಲ್ಯಾಕ್‌ಹಾರ್ನ್ ತಂದು, ಹೊತ್ತಿಕೊಳ್ಳುವುದೇ ಇಲ್ಲ, ಪುಡಿ ಸರಿಯಿಲ್ಲ ಅಂತ ಬೈಯುವವರನ್ನು ನೋಡಿದರೆ ಬೇಜಾರಾಗುತ್ತದೆ. ಪುಡಿ ಸರಿಯಾಗಿಯೇ ಇದೆ, ಆ ಕೋವಿಗೆ ಮಾಡಿದ್ದಲ್ಲ. ಪ್ರೈಮರ್ ನಳಿಕೆಯ ನೇರ ಹಿಂದೆ ಕೂರುವ, ಅದರ ಸುತ್ತ ಮುಚ್ಚಿಕೊಂಡಿರುವ ಹೊಸ ಇನ್‌ಲೈನ್ ಕೋವಿಯಿದ್ದು ದುಡ್ಡಿನ ಚಿಂತೆ ಇಲ್ಲದಿದ್ದರೆ ನಾನು ಯೋಚಿಸದೆ ಇದನ್ನೇ ಹೇಳುತ್ತೇನೆ. ಉಳಿದ ಕೋವಿಗಳಿಗೆ ಬೇಡ.

ಇದನ್ನು ತೊಳೆಯುವ ಕ್ರಮವೂ ಬೇರೆ. ನೀರು ಸೋಪಿಗೆ ಬಗ್ಗುವುದಿಲ್ಲ. ಸಾಮಾನ್ಯ ಬಂದೂಕಿಗೆ ಬಳಸುವ ದ್ರಾವಕವೇ ಬೇಕು. ಇದ್ದಿಲು, ಪೆಟ್ಲುಪ್ಪಿನ ಮದ್ದುಗಳ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ಪೆಟ್ರೋಲಿಯಂ ಎಣ್ಣೆ, ಗ್ರೀಸ್ ಕೊಳೆಯ ಜೊತೆ ಸೇರಿದರೆ ಡಾಂಬರಿನಂಥ ಅಂಟು ಆಗುತ್ತದೆ. ಜೇನುಮೇಣ, ಪ್ರಾಣಿಜನ್ಯ ಕೊಬ್ಬು ಸೇರಿದ ಲೇಪವನ್ನು ಗುಂಡಿಗೆ ಹಚ್ಚುವುದು ಇದಕ್ಕೇ.

ಸಿ ಜೀವಸತ್ವ, ಅಂದರೆ ಆಸ್ಕಾರ್ಬಿಕ್ ಆಮ್ಲವನ್ನೇ ಇಂಧನವಾಗಿ ಬಳಸುವ ಪುಡಿಗಳೂ ಬಂದವು. ಅಮೆರಿಕನ್ ಪಯೊನೀರ್ ಅವುಗಳಲ್ಲಿ ಒಂದು. ವಾಸನೆಯಿಲ್ಲ, ತೊಳೆಯುವುದು ಸುಲಭ. ತೇವ ಎಳೆಯುವ ಚಾಳಿ ಮಾತ್ರ ಕೆಟ್ಟದ್ದು. ಡಬ್ಬಿ ತೆರೆದ ಮೇಲೆ ಬೇಗ ಮುಗಿಸುವವರಿಗೆ ಆದೀತು.

ಇನ್ನು ಅಳತೆಯ ಮಾತು. ಹೆಚ್ಚು ಜನ ಎಡವುವುದು ಇಲ್ಲೇ. ಗ್ರೇನ್ ಅನ್ನುವುದು ಮೂಲದಲ್ಲಿ ಒಂದು ಸಣ್ಣ ತೂಕದ ಅಳತೆ. ಆದರೆ ಮಜಲ್‌ಲೋಡರ್‌ನಲ್ಲಿ ‘100 ಗ್ರೇನ್’ ಅಂದರೆ ತೂಕ ಅಲ್ಲ, ಪಾತ್ರೆಯ ಅಳತೆ. 100 ಗ್ರೇನ್ ತೂಗುವ ಕರಿಮದ್ದು ಎಷ್ಟು ಜಾಗ ಹಿಡಿಯುತ್ತದೋ ಅಷ್ಟು ಜಾಗದ ಪುಡಿ ಅಂತ ಅರ್ಥ. ಒಂದು ಲೋಟ ಮರಳು, ಒಂದು ಲೋಟ ಮರದ ಪುಡಿ ಎರಡೂ ಒಂದೇ ತೂಗುವುದಿಲ್ಲವಲ್ಲ, ಹಾಗೆ. ಬದಲಿ ಪುಡಿಗಳು ಸಾಮಾನ್ಯವಾಗಿ ಕರಿಮದ್ದಿಗಿಂತ ಹಗುರ. ಬ್ಲ್ಯಾಕ್‌ಹಾರ್ನ್ 100 ಗ್ರೇನ್ ಅಳತೆಯದ್ದು ತಕ್ಕಡಿಯಲ್ಲಿ ಸುಮಾರು 70 ಗ್ರೇನ್ ಮಾತ್ರ. ಪೈರೊಡೆಕ್ಸ್‌ನ ಆರ್‌ಎಸ್ ಅನ್ನುವ ಬಗೆ ಕೂಡ ಹತ್ತಿರ ಹತ್ತಿರ ಅಷ್ಟೇ. ಯಾರೋ ಜಾಗ್ರತೆಯವರು ಡಿಜಿಟಲ್ ತಕ್ಕಡಿ ತಂದು ಬ್ಲ್ಯಾಕ್‌ಹಾರ್ನ್ 100 ಗ್ರೇನ್ ತೂಗಿ ಹಾಕಿದರು ಅಂದುಕೊಳ್ಳಿ. ಅಳತೆಯಲ್ಲಿ ಅದು 140ರ ಮೇಲೆ ಹೋಯಿತು. ಆ ಪುಡಿಗೆ ತಯಾರಕರು ಹೇಳುವ ಗರಿಷ್ಠ ಅಳತೆ 120. ನಿಖರವಾಗಿ ಮಾಡಲು ಹೋಗಿ ಅಪಾಯ ತಂದುಕೊಂಡ ಹಾಗಾಯಿತು. ತೂಗಲೇಬೇಕು ಅನ್ನುವವರು ಆ ಪುಡಿಯ ತಯಾರಕರು ಕೊಟ್ಟ ಪರಿವರ್ತನೆಯ ಪಟ್ಟಿ ನೋಡಿಯೇ ತೂಗಬೇಕು. ಅದರ ಮೇಲೆ ನಿಮ್ಮ ಕೋವಿಯ ಕೈಪಿಡಿಯ ಮಿತಿ. ಎರಡರಲ್ಲಿ ಯಾವುದು ಕಡಿಮೆಯೋ ಅದು.

ಮತ್ತೆ, ಡಬ್ಬಿಯಿಂದ ನೇರ ನಳಿಕೆಗೆ ಯಾವತ್ತೂ ಸುರಿಯಬೇಡಿ. ಒಳಗೆ ಹಿಂದಿನ ಈಡಿನ ಕೆಂಡದ ಚೂರು ಉಳಿದಿರಬಹುದು. ಅಳತೆಯ ಪಾತ್ರೆಯಲ್ಲಿರುವಷ್ಟು ಮದ್ದು ಹೊತ್ತಿಕೊಳ್ಳುವುದಕ್ಕೂ ಕೈಯಲ್ಲಿರುವ ಪೂರ್ತಿ ಡಬ್ಬಿ ಹೊತ್ತಿಕೊಳ್ಳುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಊಹಿಸಿ.

ಕಾಳಿನ ಗಾತ್ರವೂ ಗಮನಿಸಬೇಕಾದ್ದೇ. ಕರಿಮದ್ದಿನ ಡಬ್ಬಿಯ ಮೇಲೆ ಎಫ್ ಅಕ್ಷರ ಹೆಚ್ಚಿದಷ್ಟೂ ಕಾಳು ಸಣ್ಣ, ಉರಿ ಚುರುಕು. .50 ಕ್ಯಾಲಿಬರ್ (ನಳಿಕೆಯ ಒಳವ್ಯಾಸ ಅರ್ಧ ಇಂಚು) ಮತ್ತು ಅದಕ್ಕೂ ದೊಡ್ಡ ರೈಫಲ್‌ಗೆ ಸಾಮಾನ್ಯವಾಗಿ ಎರಡು ಎಫ್, .45ಕ್ಕೂ ಅದಕ್ಕಿಂತ ಸಣ್ಣದಕ್ಕೂ ಮೂರು ಎಫ್, ಕಲ್ಲಿನ ಕೋವಿಯಲ್ಲಿ ಕಿಡಿ ಬೀಳುವ ಬಟ್ಟಲಿಗೆ ನಾಲ್ಕು ಎಫ್. ಪೈರೊಡೆಕ್ಸ್‌ನಲ್ಲಿ ಆರ್‌ಎಸ್ ಎರಡು ಎಫ್‌ಗೆ ಸಮ, ಪಿ ಮೂರು ಎಫ್‌ಗೆ. ಟ್ರಿಪಲ್ ಸೆವೆನ್ ಕೂಡ ಎರಡು, ಮೂರು ಎಫ್‌ಗಳಲ್ಲಿ ಸಿಗುತ್ತದೆ.

ಪುಡಿ ಅಳೆಯುವ ಗೋಜೇ ಬೇಡ ಅನ್ನುವವರಿಗೆ ಪುಡಿಯನ್ನು ಒತ್ತಿ ಮಾಡಿದ ಗುಳಿಗೆಗಳಿವೆ. 50 ಗ್ರೇನ್ ಸಮದ ಎರಡು ಗುಳಿಗೆ ಬಿಟ್ಟರೆ 100 ಆಯಿತು. ಚಳಿಯಲ್ಲಿ ಬೆರಳು ಮರಗಟ್ಟಿದಾಗ ಇದು ವರದಾನವೇ. ಪೈರೊಡೆಕ್ಸ್ ಗುಳಿಗೆಯ ಒಂದು ತುದಿಗೆ ಕರಿಮದ್ದಿನ ಲೇಪ ಇರುತ್ತದೆ, ಕಪ್ಪಗೆ ಕಾಣುತ್ತದೆ. ಆ ತುದಿ ಪ್ರೈಮರ್ ಕಡೆಗೆ, ಅಂದರೆ ಕೆಳಗೆ ಹೋಗಬೇಕು. ತಿರುಗಿಸಿ ಹಾಕಿದರೆ ಹೊತ್ತಿಕೊಳ್ಳಲು ತಡವರಿಸುತ್ತದೆ. ಆದರೂ ನನಗೆ ಗುಳಿಗೆಗಿಂತ ಬಿಡಿ ಪುಡಿಯೇ ಇಷ್ಟ. 80ರಲ್ಲಿ ಗುಂಡುಗಳು ಒತ್ತೊತ್ತಾಗಿ ಬೀಳುತ್ತವೋ, 85ರಲ್ಲೋ ಅಂತ ಐದೈದು ಗ್ರೇನ್ ಏರಿಸುತ್ತಾ ಇಳಿಸುತ್ತಾ ನೋಡುವ ಅವಕಾಶ ಗುಳಿಗೆಯಲ್ಲಿ ಇಲ್ಲ. ಒಂದೊಂದು ನಳಿಕೆಗೂ ತನ್ನದೇ ಒಂದು ಪ್ರಿಯವಾದ ಅಳತೆ ಇರುತ್ತದೆ, ಅದನ್ನು ಹುಡುಕುವುದೇ ಈ ಕೋವಿಯ ಅರ್ಧ ಸುಖ. 2020ರಲ್ಲಿ ಫೆಡರಲ್ ಕಂಪನಿ ತಂದ ಫೈರ್‌ಸ್ಟಿಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಮದ್ದು ಮುಚ್ಚಿದ ಕೊಳವೆಯಲ್ಲಿ ಬರುತ್ತದೆ, ಹಿಂದಿನಿಂದ ಹಾಕಬೇಕು, ಗುಂಡು ಮಾತ್ರ ಮುಂದಿನಿಂದ. ಅದಕ್ಕೆಂದೇ ಮಾಡಿದ ಕೋವಿಯಲ್ಲಿ ಮಾತ್ರ ಅದು ಕೆಲಸ ಮಾಡುತ್ತದೆ.

ಒಂದು ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಇಲ್ಲ. ತೋಟೆಗೆ ತುಂಬುವ ಹೊಗೆಯಿಲ್ಲದ ಮದ್ದನ್ನು ಸಾಮಾನ್ಯ ಮಜಲ್‌ಲೋಡರ್‌ಗೆ ಒಂದು ಚಿಟಿಕೆಯೂ ಹಾಕಬಾರದು. ಅದು ಒತ್ತಡ ಏರಿದಷ್ಟೂ ವೇಗವಾಗಿ ಉರಿಯುತ್ತದೆ, ವೇಗವಾಗಿ ಉರಿದಷ್ಟೂ ಒತ್ತಡ ಏರುತ್ತದೆ. ಕರಿಮದ್ದಿನ ನಳಿಕೆ ಅದಕ್ಕೆ ಮಾಡಿದ್ದಲ್ಲ, ಸಿಡಿಯುತ್ತದೆ. ಕೈ, ಕಣ್ಣು ಕಳೆದುಕೊಂಡವರಿದ್ದಾರೆ. ಬ್ಲ್ಯಾಕ್‌ಹಾರ್ನ್‌ನಲ್ಲೂ ನೈಟ್ರೊಸೆಲ್ಯುಲೋಸ್ ಇದೆಯಲ್ಲ, ಹಾಗಾದರೆ ಇದೂ ನಡೆಯುತ್ತದೆ ಅನ್ನುವ ತರ್ಕ ಬೇಡ. ಸ್ಯಾವೇಜ್ 10ಎಂಎಲ್‌ನಂತೆ ಹೊಗೆಯಿಲ್ಲದ ಮದ್ದಿಗೆಂದೇ ಕಟ್ಟಿದ ಕೋವಿಗಳು ಬೆರಳೆಣಿಕೆಯಷ್ಟಿವೆ. ಅವುಗಳ ಉಕ್ಕು, ವಿನ್ಯಾಸ ಎಲ್ಲ ಬೇರೆ.

ಹೊತ್ತಿಕೊಳ್ಳಲು ಹಟ ಮಾಡುವ ಪುಡಿಗಳಿಂದ ಇನ್ನೊಂದು ಅಪಾಯ ಇದೆ. ಕುದುರೆ ಬಿತ್ತು, ಕೇಪು ಸಿಡಿಯಿತು, ಈಡು ಹಾರಲಿಲ್ಲ. ತಕ್ಷಣ ಕೋವಿ ಇಳಿಸಿ ಇಣುಕಬೇಡಿ. ಒಳಗೆ ಒಂದು ಮೂಲೆಯಲ್ಲಿ ಬೆಂಕಿ ಹೊಗೆಯಾಡುತ್ತಿರಬಹುದು, ಕೆಲವು ಕ್ಷಣ ತಡವಾಗಿ ಸಿಡಿಯಬಹುದು. ಗುರಿಯ ದಿಕ್ಕಿನಲ್ಲೇ ಹಿಡಿದುಕೊಂಡು ಕನಿಷ್ಠ ಒಂದು ನಿಮಿಷ ಕಾಯಿರಿ. ಆಮೇಲೆ ಹೊಸ ಕೇಪು ಹಾಕಿ ನೋಡಿ.

ಡಬ್ಬಿ ಕೊಳ್ಳುವ ಮುಂಚೆ ಬೇಟೆಯ ನಿಯಮವನ್ನೂ ಓದಿಕೊಳ್ಳಬೇಕು. ಅಮೆರಿಕದ ಒಂದೊಂದು ರಾಜ್ಯದ್ದೂ ಒಂದೊಂದು ರೀತಿ. ಕೊಲೊರಾಡೊದ ಮಜಲ್‌ಲೋಡರ್ ಸೀಸನ್‌ನಲ್ಲಿ ಗುಳಿಗೆ ನಿಷಿದ್ಧ, ಹೊಗೆಯಿಲ್ಲದ ಮದ್ದೂ ನಿಷಿದ್ಧ. ಇಡಾಹೊದಲ್ಲಿ ಮಜಲ್‌ಲೋಡರ್‌ಗೆ ಮಾತ್ರ ಮೀಸಲಾದ ಬೇಟೆಗೆ ಬಿಡಿ ಪುಡಿಯೇ ಆಗಬೇಕು, ಕಲ್ಲು ಅಥವಾ ಕೇಪು ಇರಬೇಕು, 209 ಪ್ರೈಮರ್ ಆಗುವುದಿಲ್ಲ. ಅಂದರೆ ಅಲ್ಲಿ ಬ್ಲ್ಯಾಕ್‌ಹಾರ್ನ್‌ನ ಮಾತೇ ಬರುವುದಿಲ್ಲ. ಅಂಥ ಕಡೆ ಕೇಪಿನ ಕೋವಿ ಹಿಡಿದು ಹೋಗುವವರಿಗೆ ಪೈರೊಡೆಕ್ಸ್ ಆರ್‌ಎಸ್ ಅಥವಾ ಎರಡು ಎಫ್‌ನ ಟ್ರಿಪಲ್ ಸೆವೆನ್, ಎರಡರಲ್ಲಿ ಒಂದು. ತೊಳೆಯಲು ಬೇಜಾರಿಲ್ಲದವರು ಮೊದಲನೆಯದು ತರಲಿ, ಪ್ರತಿ ಈಡಿಗೂ ಒರೆಸುವ ತಾಳ್ಮೆ ಇರುವವರು ಎರಡನೆಯದು. ನಿಯಮಗಳು ವರ್ಷ ವರ್ಷ ಬದಲಾಗುತ್ತವೆ, ಆ ವರ್ಷದ ಪುಸ್ತಿಕೆಯನ್ನೇ ನೋಡಿ. ಸೀಸನ್‌ಗೆ ಒಂದು ತಿಂಗಳಾದರೂ ಮುಂಚೆ ಡಬ್ಬಿ ತಂದರೆ ನಿಮ್ಮ ನಳಿಕೆಗೆ ಯಾವ ಅಳತೆ ಹಿಡಿಸುತ್ತದೆ ಅಂತ ನಿಧಾನವಾಗಿ ನೋಡಿಕೊಳ್ಳಲು ಸಮಯ ಸಿಗುತ್ತದೆ.